ವಡಪಳನಿಯ ಗಿಡಕ್ಕೆ ಹಾಸನದ ಚಳಿ

ಆಗ ನಾವು ಚೆನ್ನೈಯ ವಡಪಳನಿಯಲ್ಲಿದ್ದೆವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಹನ್ನೊಂದು ವರ್ಷ. ಆ ಕಾಲದ ಚೆನ್ನೈ ಎಂದರೆ ಎಲ್ಲರಿಗೂ ಬೆವರು ನೆನಪಾಗುತ್ತದೆ. ನನಗೆ ಮಾತ್ರ ನೆನಪಾಗುವುದು ಚಳಿ, ಅದೂ ಒಂದು ಗಿಡದ ಚಳಿ.

ಬುಡ ಆನೆಕಾಲಿನಂತೆ ಊದಿಕೊಂಡು, ತಲೆಯ ಮೇಲಿಂದ ಉದ್ದನೆಯ ಎಲೆಗಳು ಇಳಿಬಿದ್ದ ಗಿಡ ಅದು. ನರ್ಸರಿಯವರು ಪೋನಿಟೇಲ್ ಪಾಮ್ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅದು ಜುಟ್ಟಿನ ಗಿಡ. ಬ್ಯಾಂಕಿನಲ್ಲಿದ್ದ ಅಪ್ಪ ಹಾಸನದಲ್ಲಿ ಅಂಥವು ಎರಡನ್ನು ಬೆಳೆಸಿದ್ದರು. ಅವುಗಳಲ್ಲಿ ಒಂದು ಪುಷ್ಯಮಾಸದ ಚಳಿಗೆ ಸತ್ತುಹೋಯಿತು. ವರ್ಗವಾದಾಗ ಉಳಿದೊಂದನ್ನು ಸಾಮಾನಿನ ಲಾರಿಗೆ ಹಾಕಲು ಬಿಡದೆ, ರೈಲಿನಲ್ಲಿ ಕಾಲ ನಡುವೆ ಇಟ್ಟುಕೊಂಡು ತಂದರು. ನನ್ನನ್ನು ಅಮ್ಮ ನೋಡಿಕೊಂಡರು.

ಗಿಡ ತಂದದ್ದಕ್ಕೆ ನನ್ನ ತಕರಾರಿರಲಿಲ್ಲ. ತಕರಾರು ಇದ್ದದ್ದು ರೇಡಿಯೊದ ಮೇಲೆ. ಚೆನ್ನೈಗೆ ಬಂದು ಎರಡು ವರ್ಷವಾದರೂ ಅಪ್ಪ ಸಂಜೆ ಅದರ ಕಿವಿ ಹಿಂಡಿ ಹಿಂಡಿ ಬೆಂಗಳೂರಿನ ಕನ್ನಡ ವಾರ್ತೆಯನ್ನೇ ಹಿಡಿಯುತ್ತಿದ್ದರು. ಗರಗರದ ನಡುವೆ ಕೊನೆಗೆ ಹವಾಮಾನ ಬರುತ್ತಿತ್ತು. ಹಾಸನದ ಕಡೆ ಉಷ್ಣಾಂಶ ಇಳಿದಿದೆ ಎಂದರೆ ನನ್ನ ಗ್ರಹಚಾರ ಶುರು.

“ಲೋ, ಹದಿಮೂರು ಡಿಗ್ರಿಯಂತೆ ಕಣೋ! ಹೋಗು, ಗಿಡಕ್ಕೆ ಹೊದಿಸು.”

“ಅಪ್ಪಾ, ಅದು ಹಾಸನದಲ್ಲಿ. ಇಲ್ಲಿ ನಾವು ಫ್ಯಾನ್ ಹಾಕ್ಕೊಂಡು ಮಲಗ್ತೀವಿ.”

“ಗಿಡ ಎಲ್ಲೀದು? ಹಾಸನದ್ದು ತಾನೆ? ಅದಕ್ಕೆ ಗೊತ್ತಾಗುತ್ತೆ. ನೀನು ಮಾತು ಕಡಿಮೆ ಮಾಡು.”

ಬೀದಿ ಕ್ರಿಕೆಟ್‌ನಲ್ಲಿ ನನಗೆ ಬ್ಯಾಟು ಸಿಗುತ್ತಿದ್ದದ್ದೂ ಸರಿಯಾಗಿ ಆ ಹೊತ್ತಿಗೇ. ಬ್ಯಾಟು ಕೊಟ್ಟು ತಾರಸಿ ಹತ್ತಬೇಕು. ಎಲೆಗಳನ್ನೆಲ್ಲ ಮೇಲಕ್ಕೆತ್ತಿ ಜುಟ್ಟು ಕಟ್ಟಬೇಕು, ಅವುಗಳ ಅಂಚು ಕೈ ಕೊಯ್ಯುತ್ತಿತ್ತು. ಬುಡಕ್ಕೆ ಊರಿನಿಂದ ರಾಗಿ ಬಂದ ಗೋಣಿಚೀಲ ಸುತ್ತಬೇಕು, ಅದರ ದೂಳಿಗೆ ಮೂರು ಸೀನು. ಎಲ್ಲದರ ಮೇಲೆ ಅಪ್ಪನ ಹಳೆಯ ಕಂದು ಸ್ವೆಟರು. ಬೆಳಿಗ್ಗೆ ಮುರುಗನ ಗುಡಿಯ ಮೈಕು ಎಬ್ಬಿಸಿದ ಮೇಲೆ, ಕೆಳಮನೆಯಿಂದ ಪೊಂಗಲಿನ ತುಪ್ಪ, ಮೆಣಸಿನ ವಾಸನೆ ಬರುತ್ತಿರುವಾಗ, ಮತ್ತೆ ಹೋಗಿ ಎಲ್ಲ ಬಿಚ್ಚಬೇಕು. ಹಗಲು ಗಿಡಕ್ಕೆ ಗಾಳಿ ಬೇಕಂತೆ.

ಒಂದು ಸಂಜೆ ಒಣಗಿದ ಬಟ್ಟೆ ತೆಗೆಯಲು ಬಂದ ಕೆಳಮನೆಯ ಮಾಮಿ ಇದನ್ನು ನೋಡಿ ನಿಂತೇಬಿಟ್ಟರು.

“ಎನ್ನಡಾ ಇದು? ಚೆಡಿಕ್ಕು ಸ್ವೆಟರಾ?”

“ಕುಳಿರುದಾಂ, ಮಾಮಿ,” ಎಂದೆ. ಗಿಡಕ್ಕೆ ಚಳಿಯಂತೆ ಎಂದು ಬಾಯಿಬಿಟ್ಟು ಹೇಳುವಾಗ ಅವಮಾನದಿಂದ ಕಿವಿ ಬಿಸಿಯಾಯಿತು. ಮರುದಿನದಿಂದ ಇಡೀ ಬೀದಿ ನನ್ನನ್ನು ಸ್ವೆಟರ್ ಎಂದೇ ಕರೆಯಿತು.

ಆ ಡಿಸೆಂಬರಿನಲ್ಲಿ ಅಪ್ಪ ಬ್ಯಾಂಕಿನ ಕೆಲಸಕ್ಕೆಂದು ಹತ್ತು ದಿನ ಮಧುರೈಗೆ ಹೋದರು. ಹೊಸಲು ದಾಟುವಾಗಲೂ ಅದೇ ಮಾತು: “ಸಂಜೆ ಹೊದಿಸು, ಬೆಳಿಗ್ಗೆ ತೆಗಿ. ಮರೀಬೇಡ.” ಮೊದಲ ದಿನ ಹೊದಿಸಿದೆ. ಬೆಳಿಗ್ಗೆ ತಾರಸಿಯ ಮೆಟ್ಟಿಲ ಬುಡದಲ್ಲಿ ನಿಂತಾಗ ಒಂದು ಉಪಾಯ ಹೊಳೆಯಿತು. ಬಿಚ್ಚಿದರೆ ತಾನೆ ಮತ್ತೆ ಕಟ್ಟಬೇಕು? ಹಾಗೇ ಬಿಟ್ಟರೆ ಚಳಿಯೂ ತಾಗುವುದಿಲ್ಲ, ನನ್ನ ಬ್ಯಾಟಿಂಗೂ ತಪ್ಪುವುದಿಲ್ಲ. ಮೂರನೆಯ ದಿನ ಮಳೆ ಹಿಡಿಯಿತು. ಗೋಣಿ ತೊಯ್ದಿತು, ಸ್ವೆಟರೂ ತೊಯ್ದಿತು. ಬಿಸಿಲು ಬಂದರೆ ಒಣಗುತ್ತದೆ ಎಂದುಕೊಂಡು ಮಳೆ ಬಿಟ್ಟಾಗಲೆಲ್ಲ ಆಡಲು ಓಡಿದೆ. ಸುಳ್ಳೇಕೆ, ಆ ವಾರದಷ್ಟು ಸುಖವಾಗಿ ನಾನು ಎಂದೂ ಆಡಿರಲಿಲ್ಲ.

ಅಪ್ಪ ಬಂದವರು ಚೀಲ ಇಳಿಸಿ, ಕಾಫಿಯನ್ನೂ ಕುಡಿಯದೆ ನೇರ ತಾರಸಿಗೆ ಹೋದರು. ಹಿಂದೆಯೇ ನಾನೂ ಹೋದೆ. ಸ್ವೆಟರು ತೆಗೆದರು, ಕೊಳೆತ ಈರುಳ್ಳಿಯಂಥ ನಾತ ಬಂತು. ಜುಟ್ಟು ಹಿಡಿದರೆ ಜುಟ್ಟೇ ಕೈಗೆ ಬಂತು. ಬುಡ ಒತ್ತಿದರೆ ಬೆರಳು ಒಳಗಿಳಿಯಿತು. ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತರು.

“ದಿನಾ ಹೊದಿಸಿದ್ಯೇನೋ?”

“ಹೂಂ.”

“ಹಂಗಾದ್ರೆ ಚಳಿ ತುಂಬಾ ಇತ್ತಾ?”

“ತುಂಬಾ ಇತ್ತಪ್ಪ.”

ಇಡೀ ಚಳಿಗಾಲದಲ್ಲಿ ನಾನು ಅಪ್ಪನ ಮಾತಿಗೆ ಹೂಂಗುಟ್ಟಿದ್ದು ಆಗ ಮಾತ್ರ. “ಪಾಪ, ನೀನು ತಾನೆ ಏನ್ ಮಾಡ್ತೀಯ ಬಿಡು ಮರಿ,” ಎಂದು ಅವರು ನನ್ನ ತಲೆ ಸವರಿದರು. ಎರಡು ಬಿಗಿದಿದ್ದರೆ ನಿಜ ಹೊರಗೆ ಬರುತ್ತಿತ್ತೋ ಏನೋ. ತಲೆ ಸವರಿದರೆ ಹೇಗೆ ಹೇಳುವುದು?

ಆಮೇಲೆ ವರ್ಷಗಟ್ಟಲೆ, ಊರಿನಿಂದ ಬಂದವರು ಚೆನ್ನೈಯಲ್ಲಿ ಚಳಿಯೇ ಇಲ್ಲವಲ್ಲ ಎಂದರೆ ಸಾಕು, ಅಪ್ಪ ನೆಟ್ಟಗಾಗುತ್ತಿದ್ದರು. “ಯಾರ್ ಹೇಳಿದ್ದು? ಎಂಟು ವರ್ಷದ ಗಿಡ, ಹತ್ತೇ ದಿನದ ಚಳಿಗೆ ಹೋಯ್ತು. ಬೇಕಾದ್ರೆ ನನ್ನ ಮಗನ್ನೇ ಕೇಳಿ.” ನಾನು ಪ್ರತಿ ಸಲವೂ ಹೌದೆಂದು ತಲೆಯಾಡಿಸಿದೆ. ಕಾಲೇಜಿಗೆ ಹೋಗುವಾಗಲೂ ಆಡಿಸಿದೆ, ಮೀಸೆ ಬಂದ ಮೇಲೂ ಆಡಿಸಿದೆ. ಅಪ್ಪ ಇನ್ನೊಂದು ಗಿಡ ತರಲಿಲ್ಲ. ಹೇಳಿಬಿಡೋಣ, ನಕ್ಕುಬಿಡುತ್ತಾರೆ ಎಂದು ಮುಂದೂಡುತ್ತಲೇ ಬಂದೆ. ಅವರು ಹೋಗಿ ಈಗ ಆರು ವರ್ಷ. ನಿಜ ಇನ್ನೂ ನನ್ನ ಹತ್ತಿರವೇ ಇದೆ, ಕೇಳಿ ಬೈಯುವವರು ಮಾತ್ರ ಇಲ್ಲ.