ದೇವರ ಪಾತ್ರೆಯಲ್ಲಿ ತೆಗೆದ ರೀಲ್ಸ್

ನಮ್ಮ ಬೀದಿಯಲ್ಲಿ ರೀಲ್ಸ್ ಮಾಡಬೇಕೆಂದರೆ ಕರೆಂಟ್ ಹೋಗಬೇಕು. ದೊಡ್ಡಬಳ್ಳಾಪುರದಲ್ಲಿ ನಾವಿರುವ ಕಡೆ ಅಕ್ಕಪಕ್ಕ ಎರಡೂ ಮನೆಯಲ್ಲಿ ಮಗ್ಗ, ಎದುರಿಗೂ ಮಗ್ಗ. ಬೆಳಿಗ್ಗೆ ಶುರುವಾಯಿತೆಂದರೆ ಅಡುಗೆಮನೆಯಿಂದ ನಡುಮನೆಗೆ ಕೂಗಿಯೇ ಮಾತಾಡಬೇಕು. ನಮಗೆ ಅದು ರೂಢಿ, ಮೊಬೈಲಿಗೆ ರೂಢಿಯಿಲ್ಲ. ಹಾಗಾಗಿ ಬುಧವಾರ ರಿಪೇರಿಗೆಂದು ಇಡೀ ದಿನ ಕರೆಂಟ್ ತೆಗೆಯುತ್ತಾರೆ ಎಂಬ ಸುದ್ದಿ ಬಂದಾಗ ಬೀದಿಯವರೆಲ್ಲ ಗೊಣಗಿದರು, ನನ್ನ ಮಗಳು ಒಬ್ಬಳೇ ಕುಣಿದಳು.

ನಾನು ಪುಳಿಯೋಗರೆ ಗೊಜ್ಜು ಮಾಡಿ ಮಾರುತ್ತೇನೆ. ಕೊರೊನಾ ಕಾಲದಲ್ಲಿ ನಮ್ಮ ಯಜಮಾನರು ಕೆಲಸ ಮಾಡುವ ಮಗ್ಗ ನಿಂತಾಗ ಶುರು ಮಾಡಿದ್ದು, ಮಗ್ಗ ಮತ್ತೆ ಓಡಿದ ಮೇಲೂ ಬಿಡಲಿಲ್ಲ. ಮೊದಮೊದಲು ವಾಟ್ಸಾಪ್ ಸ್ಟೇಟಸ್ಸಿಗೆ ಬಾಟಲಿಯ ಫೋಟೊ ಹಾಕುತ್ತಿದ್ದೆ. ಸ್ಟೇಟಸ್ ನೋಡುವವರು ಯಾರು? ನಮ್ಮ ನೆಂಟರೇ. ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸುತ್ತಿದ್ದರು, ಕೊಳ್ಳುತ್ತಿರಲಿಲ್ಲ. "ಬರ್ವಾಗ ಒಂದ್ ಬಾಟ್ಲಿ ಹಾಕ್ಕೊಂಡ್ ಬಾರೆ" ಎನ್ನುತ್ತಿದ್ದರು. ಹೇಗೋ ಬಾಯಿಂದ ಬಾಯಿಗೆ ಹರಡಿ ಹತ್ತಾರು ಮನೆಗಳವರು ಖಾಯಂ ಆದರು. ಅಷ್ಟಕ್ಕೇ ನಾನು ದಿನಾ ದೀಪ ಹಚ್ಚುವಾಗ ಆಂಜನೇಯನಿಗೆ ಒಂದು ನಮಸ್ಕಾರ ಹೆಚ್ಚಿಗೆ ಹಾಕುತ್ತಿದ್ದೆ.

ಮಗಳಿಗೆ ಅಷ್ಟು ಸಾಲದು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದವಳು ನಮ್ಮ ಮಹಿಳಾ ಸಂಘದ ಕಡೆಯಿಂದ ದೇವನಹಳ್ಳಿಗೆ ಒಂದು ದಿನದ ತರಬೇತಿಗೆ ಹೋಗಿದ್ದಳು. ಮನೆಯಲ್ಲಿ ಕೂತು ವ್ಯಾಪಾರ ಮಾಡುವ ಹೆಂಗಸರಿಗೆ ಇನ್‌ಸ್ಟಾಗ್ರಾಮಿನಲ್ಲಿ ಪ್ರಚಾರ ಮಾಡುವುದು ಹೇಗೆಂದು ಹೇಳಿಕೊಟ್ಟರಂತೆ. ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದಳು.

"ಅಮ್ಮಾ, ಗೊಜ್ಜು ಮಾರ್ಬಾರ್ದಂತೆ. ಕಥೆ ಮಾರ್ಬೇಕಂತೆ."

"ನನ್ನತ್ರ ಎಂಥಾ ಕಥೆ ಐತೆ? ಒಗ್ಗರಣೆ ಐತೆ."

"ಶನಿವಾರದ ಕಥೆ ಇಲ್ವಾ?"

ಶನಿವಾರ ಎಂದರೆ ನಮ್ಮ ಬೀದಿ ಕೊನೆಯ ಆಂಜನೇಯನ ಗುಡಿಯ ಸೇವೆ. ಪ್ರತಿ ಶನಿವಾರ ಸ್ವಾಮಿಗೆ ಪುಳಿಯೋಗರೆ ನೈವೇದ್ಯ. ಅನ್ನ ಗುಡಿಯಲ್ಲೇ ಆಗುತ್ತದೆ, ಗೊಜ್ಜು ನಮ್ಮ ಮನೆಯಿಂದ ಹೋಗಬೇಕು. ಅತ್ತೆ ಹಿಡಿದ ಸೇವೆ ಅದು. ಅವರಿಗೆ ಕೈಲಾಗದೆ ಹೋದಾಗ ನನ್ನ ಕೈಗೆ ಬಂತು. ತಲೆಗೆ ನೀರು ಹಾಕಿಕೊಂಡು, ಮಡಿಯಲ್ಲಿ, ಅತ್ತೆ ಬಿಟ್ಟುಹೋದ ಹಿತ್ತಾಳೆ ಪಾತ್ರೆಯಲ್ಲಿ ಮಾಡುತ್ತೇನೆ. ವರ್ಷಕ್ಕೊಮ್ಮೆ ಕಲಾಯಿ ಹಾಕಿಸುತ್ತೇನೆ. ಆ ಪಾತ್ರೆ ದೇವರ ಮನೆ ಬಿಟ್ಟು ಬೇರೆಲ್ಲೂ ಇರುವುದಿಲ್ಲ, ಅದರಲ್ಲಿ ಬೇರೇನೂ ಬೇಯುವುದಿಲ್ಲ. ನೈವೇದ್ಯವಾಗುವ ತನಕ ರುಚಿ ನೋಡುವ ಹಾಗಿಲ್ಲ. ಉಪ್ಪು, ಬೆಲ್ಲ, ಹುಣಸೆರಸ ಎಲ್ಲ ಕೈಯಳತೆ. ಎಷ್ಟೋ ಸಲ ಪ್ರಸಾದ ಬಾಯಿಗೆ ಹಾಕಿಕೊಂಡ ಮೇಲೆಯೇ ಉಸಿರು ಬಿಟ್ಟಿದ್ದೇನೆ, ಸದ್ಯ ಉಪ್ಪು ಸರಿಯಾಗಿದೆಯಲ್ಲ ಎಂದು. ವಾರಪೂರ್ತಿ ನಾನು ಯಾರೋ ಏನೋ, ಶನಿವಾರ ಬೆಳಿಗ್ಗೆ ಒಂದು ಗಳಿಗೆ ಮಾತ್ರ ಸ್ವಾಮಿ ನನಗಾಗಿ ಕಾಯುತ್ತಾನೆ ಅನ್ನಿಸುತ್ತಿತ್ತು. ನನಗಿದ್ದ ಆಸ್ತಿ ಅದೊಂದೇ.

ಬುಧವಾರ ಕರೆಂಟ್ ಹೋಯಿತು. ಬೀದಿ ಗಪ್‌ಚುಪ್. ಮಗಳು ಹಿತ್ತಲಲ್ಲಿ ಬೆಳಕು ನೋಡಿ ಸ್ಟೂಲಿನ ಮೇಲೆ ಡಬ್ಬ ಪೇರಿಸಿ ಮೊಬೈಲ್ ನಿಲ್ಲಿಸಿದಳು. ನಾನು ಮಾರುವ ಗೊಜ್ಜನ್ನು ಎಂದಿನಂತೆ ಅಲ್ಯೂಮಿನಿಯಂ ಬಾಣಲೆಯಲ್ಲಿ ಮಾಡಿ ಹೊರಗೆ ತಂದಿಟ್ಟೆ. ಅವಳು ಮೊಬೈಲಿನಲ್ಲಿ ನೋಡಿ ಮುಖ ಸಿಂಡರಿಸಿದಳು.

"ತಳ ಎಲ್ಲಾ ಕರ್‍ರಗೆ. ಹೋಟ್ಲಿಂದ ಕದ್ಕೊಂಡ್ ಬಂದಂಗೈತೆ. ಅಮ್ಮಾ, ಆ ಹಿತ್ತಾಳೆದು..."

"ಬಾಯ್ಮುಚ್ಚು. ಅದು ದೇವರ್ದು."

"ಬರೀ ವೀಡಿಯೋಗೆ. ಒಲೆ ಮೇಲೆ ಇಡೋದೇ ಬೇಡ. ಆಗಿರೋ ಗೊಜ್ಜು ಅದಕ್ಕೆ ಸುರಿ, ಎರಡ್ ನಿಮ್ಷ. ಆಮೇಲೆ ತೊಳ್ದಿಟ್ರಾಯ್ತು. ಸ್ವಾಮಿ ಏನ್ ಕ್ಯಾಮೆರಾದಲ್ಲಿ ನೋಡ್ತಾನಾ?"

ಆಗಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಮಗಳ ಮುಖ ನೋಡಿ ಕೊಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದಷ್ಟೇ ಅಲ್ಲ. ಬಿಸಿಲಿಗೆ ಆ ಪಾತ್ರೆ ಹೊಳೆಯುವುದನ್ನು ನಾಲ್ಕು ಜನ ನೋಡಲಿ, ಇವಳ ಮನೆಯಲ್ಲೂ ಇಂಥದ್ದಿದೆ ಅನ್ನಲಿ ಎಂಬ ಆಸೆ ನನಗೂ ಇತ್ತು.

ಪಾತ್ರೆಗೆ ಸುರಿದೆ, ಸೌಟಿನಲ್ಲಿ ತಿರುವಿದೆ. "ಈಗ ರುಚಿ ನೋಡಿ ನಗು" ಎಂದಳು. ಕೈ ಮೇಲೇಳಲಿಲ್ಲ. ಆ ಪಾತ್ರೆಯ ಮುಂದೆ ಕೂತು ಕೈಯನ್ನು ಬಾಯಿಗೆ ತಂದ ರೂಢಿಯೇ ನನಗಿಲ್ಲ.

"ಮಾಡ್ದೋಳೇ ತಿನ್ದಿದ್ರೆ ಜನ ಯಾಕ್ ತಗೋತಾರಮ್ಮಾ?"

ಅಂಗೈಗೆ ಹಾಕಿಕೊಂಡು ನೆಕ್ಕಿದೆ, ನಕ್ಕೆ. ನಗು ಸರಿಯಿಲ್ಲ ಎಂದಳು. ಮತ್ತೊಮ್ಮೆ. ಆಮೇಲೆ ಯಾರದೋ ಸ್ಕೂಟರ್ ಬಂತು, ಮತ್ತೊಮ್ಮೆ. ಐದಾರು ಸಲ ಆದಮೇಲೆ ಕೈಗೆ ಹಾಕಿಕೊಂಡು ನೋಡುವಷ್ಟೂ ತಾಳ್ಮೆಯಿಲ್ಲದೆ ಸೌಟಿನ ತುದಿಯನ್ನೇ ನಾಲಿಗೆಗೆ ಮುಟ್ಟಿಸಿದೆ. ಅದೇ ಸೌಟು ತಿರುಗಿ ಪಾತ್ರೆಗಿಳಿಯಿತು. ಆ ಕ್ಷಣ ನನಗೆ ಗೊತ್ತಾಯಿತು. ಮಗಳಿಗೆ ಗೊತ್ತಾಗಲಿಲ್ಲ, ಅವಳು "ಸೂಪರಮ್ಮಾ, ಇದೇ ಇರ್ಲಿ" ಎಂದು ಕುಣಿಯುತ್ತಿದ್ದಳು.

ಗೊಜ್ಜನ್ನೆಲ್ಲ ಬಾಚಿ ತೆಗೆದು ಮನೆಗೇ ಇಟ್ಟುಕೊಂಡೆ. ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅರಿಶಿನದ ನೀರಲ್ಲಿ ತೊಳೆದು, ಬಿಸಿಲಿಗಿಟ್ಟು ಒಳಗಿಟ್ಟೆ. ಶನಿವಾರ ಬಂತು. ಬೇರೆ ಪಾತ್ರೆ ಇಲ್ಲ. ಅದರಲ್ಲೇ ನೈವೇದ್ಯದ ಗೊಜ್ಜು ಮಾಡಿದೆ, ಕಳಿಸಿದೆ. ಮಂಗಳಾರತಿಯ ಹೊತ್ತಿಗೆ ಸ್ವಾಮಿಯ ಮುಖ ನೋಡಲಾಗದೆ ಪಾದ ನೋಡಿಕೊಂಡು ನಿಂತಿದ್ದೆ.

ಭಾನುವಾರ ಮಗಳು ರೀಲ್ಸ್ ಹಾಕಿದಳು. ಮೇಲೆ ದೊಡ್ಡ ಅಕ್ಷರದಲ್ಲಿ, ಪ್ರತಿ ಶನಿವಾರ ಆಂಜನೇಯನಿಗೆ ನೈವೇದ್ಯವಾಗುವ ಗೊಜ್ಜು ಈಗ ನಿಮ್ಮ ಮನೆಗೆ. ಕೆಳಗೆ ನಾನು, ಹಿತ್ತಾಳೆ ಪಾತ್ರೆ, ನೆಕ್ಕುವುದು, ನಗುವುದು. ಸೋಮವಾರ ಸಂಜೆಯೊಳಗೆ ಹೊಸಕೋಟೆ, ನೆಲಮಂಗಲ, ಬೆಂಗಳೂರು, ಎಲ್ಲೆಲ್ಲಿಂದಲೋ ಫೋನು. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಒಟ್ಟಿಗೆ ಸೇರಿ ಆರ್ಡರ್ ಹಾಕಿದರು. ನಮ್ಮ ಯಜಮಾನರು ಊಟಕ್ಕೆ ಬಂದವರು, "ಸ್ಟಾರ್ ಆಗ್ಬಿಟ್ಟೆ ಕಣೆ. ನಮ್ ಮಗ್ಗದೋರೆಲ್ಲಾ ನಿನ್ನೇ ನೋಡ್ಕೊಂಡ್ ಕೂತವ್ರೆ, ಲಾಳಿ ಯಾರೂ ನೋಡ್ತಿಲ್ಲ" ಎಂದರು. ನಾನೂ ನಕ್ಕೆ. ಬಾಟಲಿಗೆ ಅಂಟಿಸುವ ಲೇಬಲ್ಲಿನ ಮೇಲೂ ಮಗಳು ಅದೇ ನೈವೇದ್ಯದ ಮಾತು ಅಚ್ಚು ಹಾಕಿಸಿ ತಂದಳು.

ಮಂಗಳವಾರ ಯಾರೋ ರೀಲ್ಸ್ ಕೆಳಗೆ ಬರೆದರು: ದೇವರಿಗೆ ಇಡುವುದನ್ನು ಮೊದಲೇ ನೆಕ್ಕುತ್ತಾರಾ? ಅದರ ಕೆಳಗೆ ಇನ್ನೊಬ್ಬರು, ಅದರ ಕೆಳಗೆ ಮತ್ತೊಬ್ಬರು. ಕೆಲವರು ನನ್ನ ಪರ, ಕೆಲವರು ನನ್ನ ಜಾತಿ ಕೇಳಿದರು, ಕೆಲವರು ಅವರವರೇ ಬೈದಾಡಿಕೊಂಡರು. ಗೊಜ್ಜಿನ ಮಾತು ಒಂದೂ ಇಲ್ಲ. ನಾನು ಓದಿದ್ದನ್ನೇ ಮತ್ತೆ ಮತ್ತೆ ಓದುತ್ತಾ ಕೂತಿದ್ದರೆ ಮಗಳು ನನ್ನ ಬೆನ್ನು ಸವರಿ ಸಮಾಧಾನ ಹೇಳಿದಳು.

"ಜಗಳ ಆದ್ರೆ ಒಳ್ಳೇದಮ್ಮಾ. ಇನ್ನೂ ಜಾಸ್ತಿ ಜನಕ್ಕೆ ಹೋಗುತ್ತೆ."

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ತರಬೇತಿಯಲ್ಲಿ ಹಾಗೇ ಹೇಳಿಕೊಟ್ಟಿದ್ದರು.

ಶುಕ್ರವಾರ ಸಂಜೆ ಹುಣಸೆಹಣ್ಣು ನೆನೆಹಾಕಿ ಗುಡಿಗೆ ಹೋದೆ. ಜಗಲಿಯಲ್ಲಿ ಹೂ ಕಟ್ಟುವ ಅಜ್ಜಿ ಕೂತಿತ್ತು. ಅದಕ್ಕೆ ಫೋನಿಲ್ಲ. ಸೊಸೆ ತೋರಿಸಿದ್ದಳು.

"ಏನವ್ವಾ, ನಮ್ಮಪ್ಪನಿಗಿಂತ ಮುಂಚೆ ನಿಂಗೇ ಹಸಿವಾ?"

"ಅದು ಮಾರೋ ಗೊಜ್ಜು ಅಜ್ಜಿ. ನೈವೇದ್ಯದ್ದಲ್ಲ. ಬುಧವಾರ ತೆಗ್ದಿದ್ದು."

"ಬುಧವಾರಕ್ಕೂ ಶನಿವಾರಕ್ಕೂ ನಾಲಿಗೆ ಬೇರೆ ಬೇರೆ ಐತಾ?" ಎಂದು ಹೂವಿನ ಗಂಟು ಬಿಗಿಯಿತು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರು ಕಿಸಕ್ಕೆಂದರು.

ನಮ್ಮ ಗುಡಿಯ ಅರ್ಚಕರು ಸಾಧು ಮನುಷ್ಯ. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು. "ಈ ವಾರ ಒಂದು ಬೇಡಮ್ಮಾ. ಜನ ಬಿಸಿಯಾಗಿದ್ದಾರೆ. ಗೊಜ್ಜು ನಮ್ಮನೇಲೇ ಮಾಡಿಸ್ತೀನಿ. ಮುಂದಿನ ವಾರ ನೋಡೋಣ."

ಮನೆಗೆ ಬಂದು ನೆನೆಸಿದ ಹುಣಸೆಹಣ್ಣು ನೋಡಿದ ಕೂಡಲೇ ಅಳು ಬಂತು. ಅಷ್ಟು ವರ್ಷದಲ್ಲಿ ಮುಟ್ಟಾದ ದಿನ, ಸೂತಕದ ದಿನ ಬಿಟ್ಟರೆ ತಪ್ಪಿದ ಶನಿವಾರವಿಲ್ಲ. ಮಗಳು ಗಾಬರಿಯಾದಳು. ಅವಳಿಗೆ ಹೊಳೆದ ದಾರಿ ಇನ್ನೊಂದು ರೀಲ್ಸ್.

"ನೀನೇ ಕೂತ್ಕೊಂಡ್ ಹೇಳು. ಇದು ಮಾರೋ ಗೊಜ್ಜು, ದೇವ್ರ ಪಾತ್ರೆ ಬೇರೆ, ಆ ಥರದ್ದೇ ಇನ್ನೊಂದ್ ಐತೆ ಅಂತ. ಎಲ್ಲಾರ್ ಬಾಯಿ ಮುಚ್ಚುತ್ತೆ."

"ಇನ್ನೊಂದ್ ಎಲ್ಲೈತೆ?"

"ಯಾರ್ ಬಂದ್ ನೋಡ್ತಾರೆ?"

"ನೋಡೋರ್ ಒಬ್ರು ಅವ್ರೆ" ಎಂದೆ. ಮೊದಲ ಸಲ ಅವಳಿಗೆ ಸೌಟಿನ ವಿಷಯ ಹೇಳಿದೆ. ಅವಳು, "ಅದು ನಂಗೂ ನಿಂಗೂ ಬಿಟ್ಟು ಯಾರಿಗೂ ಗೊತ್ತಿಲ್ವಲ್ಲಮ್ಮಾ. ವೀಡಿಯೋದಲ್ಲೂ ಅಷ್ಟ್ ಕಾಣಲ್ಲ" ಎಂದಳು. ನಿಜ, ಕಾಣುವುದಿಲ್ಲ. ಜನ ನನ್ನ ಮೇಲೆ ಹೊರಿಸಿದ್ದು ಸುಳ್ಳು. ನಾನು ಮಾಡಿದ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ಶನಿವಾರ ಗುಡಿಗೆ ಹೋಗಲಿಲ್ಲ. ಸೋಮವಾರ ಹನ್ನೊಂದು ಗಂಟೆಗೆ, ಯಾರೂ ಇರುವುದಿಲ್ಲವೆಂದು ಗೊತ್ತಿದ್ದ ಹೊತ್ತಿಗೆ, ಪಾತ್ರೆಯನ್ನು ಒಗೆದ ಪಂಚೆಯಲ್ಲಿ ಸುತ್ತಿಕೊಂಡು ಹೋದೆ. ಅರ್ಚಕರು ನನ್ನನ್ನು ಕಂಡು ನಗುತ್ತಲೇ ಎದ್ದರು.

"ನಾನೇ ಹೇಳಿ ಕಳಿಸ್ಬೇಕು ಅಂತಿದ್ದೆ ಕಣಮ್ಮಾ. ಎಲ್ಲರಿಗೂ ಸಮಾಧಾನ ಹೇಳಿದೀನಿ. ಮಾರೋದು ಬೇರೆ, ದೇವರದು ಬೇರೆ, ಆ ಹೆಣ್ಣುಮಗಳ ಮಡಿ ನನಗೆ ಗೊತ್ತು ಅಂದೆ. ಒಪ್ಪಿದರು. ಬರೋ ಶನಿವಾರದಿಂದ ನೀನೇ ಮಾಡು."

ಅಲ್ಲೇ ಕೈಮುಗಿದು ತಿರುಗಿ ಬಂದಿದ್ದರೆ ಸೇವೆ ನನ್ನದೇ ಆಗಿರುತ್ತಿತ್ತು. ಒಂದು ಗಳಿಗೆ ನಾನು ಹಾಗೇ ನಿಂತೆ. ಕಾಲು ತಿರುಗಿಯೂ ಇತ್ತೇನೋ. ಆಮೇಲೆ ಗಂಟು ಬಿಚ್ಚಿ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಎಲ್ಲ ಹೇಳಿದೆ. ವೀಡಿಯೋದಲ್ಲಿದ್ದ ಪಾತ್ರೆ ಇದೇ ಎಂದೆ. ಎಂಜಲು ಸೌಟು ಇದಕ್ಕೆ ಬಿತ್ತು ಎಂದೆ.

ಅವರ ನಗು ಇಳಿಯಿತು. "ಆ ಶನಿವಾರದ್ದು ಇದರಲ್ಲೇ ಮಾಡಿ ಕಳಿಸಿದೆಯಾ?"

"ಹೂಂ ಸ್ವಾಮಿ. ತೊಳ್ದಿದ್ದೆ. ಆದ್ರೂ ನಂಗೆ ಗೊತ್ತಿತ್ತು."

ಬಹಳ ಹೊತ್ತು ಅವರು ಪಾತ್ರೆಯನ್ನೇ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

"ಗೊತ್ತಿಲ್ಲದೆ ಆಗಿದ್ರೆ ಬೇರೆ ಮಾತು" ಎಂದರು ಕೊನೆಗೆ. "ಪಾತ್ರೆ ಇಲ್ಲೇ ಇರಲಿ. ಶುದ್ಧಿ ಮಾಡಿ ಇಟ್ಟುಕೊಳ್ತೀನಿ, ಇನ್ನು ಆಚೆ ಹೋಗೋದು ಬೇಡ. ನಾನು ಯಾರಿಗೂ ಹೇಳಲ್ಲ. ಆದರೆ ನಿನ್ನ ಕೈಲಿ ಮಾಡಿಸೋದಕ್ಕೆ ನನಗೆ ಮನಸ್ಸು ಒಪ್ಪಲ್ಲಮ್ಮಾ. ಯಾಕೆ ಬಂದು ಹೇಳಿದೆ?"

ಉತ್ತರಕ್ಕೆ ಕಾಯದೆ ತೀರ್ಥ ಕೊಟ್ಟರು. ಕೈ ಚಾಚುವಾಗ ಕೊಡುತ್ತಾರೋ ಇಲ್ಲವೋ ಎಂಬ ಭಯವಿತ್ತು, ಕೊಟ್ಟರು. ಅವತ್ತಿನ ಮಟ್ಟಿಗೆ ಸ್ವಾಮಿ ನನಗೆ ಉಳಿಸಿದ್ದು ಅಷ್ಟು. ಬರಿಗೈಯಲ್ಲಿ ಪಂಚೆ ಮಡಚಿಕೊಂಡು ಮನೆಗೆ ಬಂದೆ.

ಮಗಳು ಕೇಳಿದಳು, ನಾನು ಹೇಳಿದೆ. ಅವಳು ಸಿಟ್ಟಾದಳು. "ಕೊಟ್ಟಿದ್ದ ಸೇವೇನ ವಾಪಸ್ ಕೊಟ್ ಬಂದ್ಯಲ್ಲಮ್ಮಾ, ಯಾರಾದ್ರೂ ಮಾಡ್ತಾರಾ?" ಎಂದು ಬಾಗಿಲು ಹಾಕಿಕೊಂಡಳು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಸಂಜೆ ಎದ್ದು ಬಂದು, ನಾನು ಕೇಳದೆಯೇ ರೀಲ್ಸ್ ಅಳಿಸಿ ಹಾಕಿದೆ ಎಂದಳು. ಅಷ್ಟು ಜನ ನೋಡಿದ್ದು ಅವಳ ಬದುಕಿನಲ್ಲೂ ಮೊದಲ ಸಲ. ಅಳಿಸುವಾಗ ಅವಳಿಗೆ ಏನಾಯಿತೋ ನಾನು ಕೇಳಲಿಲ್ಲ. ಅಳಿಸಿದರೂ ಪೂರ್ತಿ ಹೋಗುವುದಿಲ್ಲವಂತೆ. ಯಾರ್‍ಯಾರೋ ತಮ್ಮ ಫೋನಿಗೆ ಇಳಿಸಿಕೊಂಡಿರುತ್ತಾರಂತೆ.

ಇಬ್ಬರೂ ನೆಲದ ಮೇಲೆ ಕೂತು ಹೊಸ ಲೇಬಲ್ಲುಗಳಲ್ಲಿ ನೈವೇದ್ಯದ ಸಾಲನ್ನು ಕತ್ತರಿಯಿಂದ ಕತ್ತರಿಸತೊಡಗಿದೆವು. ಕತ್ತರಿಸಿದ ಚೂರಿನಲ್ಲಿ ಸ್ವಾಮಿಯ ಹೆಸರಿತ್ತು, ಕಸಕ್ಕೆ ಹಾಕುವಂತಿಲ್ಲ. ಒಂದು ಡಬ್ಬಕ್ಕೆ ತುಂಬುತ್ತಾ ಹೋದೆವು, ಯಾವುದಾದರೂ ಗಿಡದ ಬುಡಕ್ಕೆ ಹಾಕೋಣವೆಂದು. ಅಷ್ಟರಲ್ಲಿ ಫೋನ್ ಬಂತು. ನೆಲಮಂಗಲದ ಕಡೆಯ ಹೆಂಗಸು. ಮಗಳು ಸ್ಪೀಕರ್ ಹಾಕಿ ನನ್ನ ಮುಂದಿಟ್ಟಳು.

"ಅಕ್ಕಾ, ಆ ದೇವ್ರ ಗೊಜ್ಜು ನಿಮ್ದೇ ಅಲ್ವಾ? ನಮ್ಮನೇಲಿ ಪೂಜೆ ಐತೆ, ಅದೇ ಬೇಕು."

"ಅಲ್ಲಮ್ಮಾ. ಇದು ಮನೆ ಗೊಜ್ಜು. ರುಚಿ ನೋಡೇ ಮಾಡಿರೋದು."

"ಮತ್ತೆ ವೀಡಿಯೋದಲ್ಲಿ ಹಂಗಿತ್ತು?"

"ತಪ್ಪಾಗಿತ್ತು. ತೆಗ್ದಾಕಿದೀವಿ. ಊಟಕ್ಕಾದ್ರೆ ಕಳಿಸ್ತೀನಿ, ದೇವ್ರಿಗೆ ಬೇಡ."

"ಹಂಗಾದ್ರೆ ಬಿಡಿ" ಎಂದು ಇಟ್ಟರು. ಮಗಳು ನನ್ನ ಕಡೆ ನೋಡದೆ ಇನ್ನೊಂದು ಲೇಬಲ್ ಕತ್ತರಿಸಿದಳು. ಎದುರುಮನೆಯ ಮಗ್ಗ ಓಡುತ್ತಲೇ ಇತ್ತು. ಫೋನ್ ಮತ್ತೆ ಬಂದಾಗ ಅವಳು ಕೈ ಚಾಚಿದಳು. ಅವಳಿಗೆ ಬಿಡದೆ ನಾನೇ ಎತ್ತಿಕೊಂಡೆ.