ಎತ್ತುವ ಹಲಗೆ, ಇಳಿಬಿಟ್ಟ ಹಲಗೆ

ದಾವಣಗೆರೆಯ ನಿಟ್ಟುವಳ್ಳಿ ಕಡೆ ರಸ್ತೆಗೆ ಡಾಂಬರು ಹಾಕುತ್ತಿದ್ದರೆ ನಾನು ಬೈಕು ನಿಲ್ಲಿಸಿಬಿಡುತ್ತೇನೆ. ಎಲ್ಲರೂ ಮೂಗು ಮುಚ್ಚಿಕೊಂಡು ಹೋಗುವ ಜಾಗದಲ್ಲಿ ನಾನೊಬ್ಬ ಮೂಗು ಅರಳಿಸಿಕೊಂಡು ನಿಂತಿರುತ್ತೇನೆ. ಒಮ್ಮೆ ಅಲ್ಲಿನ ಮೇಸ್ತ್ರಿ ನನ್ನನ್ನು ತಪಾಸಣೆಗೆ ಬಂದವನೆಂದು ತಿಳಿದು ಟೀ ತರಿಸಿದ. ನಾನೂ ಸೊಂಟದ ಮೇಲೆ ಕೈಯಿಟ್ಟು, ಇಂಜಿನಿಯರ್ ಸಾಹೇಬರ ಕೆಮ್ಮು ಕೆಮ್ಮಿ, ಇನ್ನೊಂಚೂರು ಕಾಯಲಿ ಎಂದು ಅಪ್ಪಣೆ ಕೊಟ್ಟು ಕುಡಿಯತೊಡಗಿದೆ. ಮದುವೆಮನೆಗಳಲ್ಲಿ ಮಿಮಿಕ್ರಿ ಮಾಡಿ ಬದುಕುವವನಿಗೆ ಇಷ್ಟೂ ಬಾರದಿದ್ದರೆ ಹೇಗೆ? ಆದರೆ ಆ ಟೀ ಅರ್ಧಕ್ಕೇ ನಿಂತಿತು. ಕಾದ ಡಾಂಬರಿನ ಅಡಿಯಿಂದ ಇನ್ನೊಂದು ವಾಸನೆ ಮೆಲ್ಲಗೆ ಎದ್ದು ಬಂತು. ಒಲೆಯ ಮೇಲೆ ಕುದಿಯುವ ರಾಳ, ಹೊಂಗೆ ಎಣ್ಣೆ, ಹೊಸದಾಗಿ ಕೊಯ್ದ ಬೇವಿನ ಹಲಗೆ, ಮಳೆಗಾಲದ ಹೊಳೆಯ ಕೆಸರು. ಹರಿಹರದ ನಮ್ಮ ಹಿತ್ತಲು. ಈಗ ಆ ಹಿತ್ತಲೂ ಇಲ್ಲ, ಮನೆಯೂ ಇಲ್ಲ. ಹೊಳೆ ಮಾತ್ರ ತನ್ನ ಪಾಡಿಗೆ ತಾನು ಅಲ್ಲೇ ಐತೆ.

ಆ ಮನೆಯಲ್ಲಿ ನಾವು ನಾಲ್ಕೇ ಜನ. ಅಜ್ಜಿ, ಅವಳ ಇಬ್ಬರು ಮಕ್ಕಳಾದ ದೊಡ್ಡಪ್ಪ ಮತ್ತು ಅಪ್ಪ, ಆಮೇಲೆ ನಾನು. ತಾಯಿಯನ್ನು ನಾನು ಫೋಟೋದಲ್ಲಿ ಮಾತ್ರ ಬಲ್ಲೆ. ದೊಡ್ಡಪ್ಪ ಮದುವೆಯ ಗೋಜಿಗೇ ಹೋಗಿರಲಿಲ್ಲ. ಅಣ್ಣತಮ್ಮ ಇಬ್ಬರೂ ಒಂದೇ ಕಾರ್ಖಾನೆಯಲ್ಲಿದ್ದರು. ದೊಡ್ಡಪ್ಪ ಎರಕಕ್ಕೆ ಬೇಕಾದ ಮರದ ಅಚ್ಚು ಕೆತ್ತುವವನು, ಅಪ್ಪ ವೆಲ್ಡಿಂಗಿನವನು. ಯಾವುದೋ ಕೆಲಸಕ್ಕೆಂದು ದೊಡ್ಡಪ್ಪ ಒಮ್ಮೆ ಕಾರವಾರಕ್ಕೆ ಹೋಗಿ ಹಾಯಿದೋಣಿ ನೋಡಿಕೊಂಡು ಬಂದನಂತೆ. ಜ್ವರ ಬಂದವನ ಹಾಗೆ ಬಂದ ಎನ್ನುತ್ತಿದ್ದಳು ಅಜ್ಜಿ. ಬಂದವನು ತಮ್ಮನಿಗೂ ಅಂಟಿಸಿದ. ಸಮುದ್ರವಿಲ್ಲದ ಊರಿನಲ್ಲಿ ಹಡಗು ಕಟ್ಟುವ ಈ ಇಬ್ಬರನ್ನು ಬೀದಿಯವರು ಕ್ಯಾಪ್ಟನ್ ಅಂತಲೂ ವೈಸ್ ಕ್ಯಾಪ್ಟನ್ ಅಂತಲೂ ಕರೆಯುತ್ತಿದ್ದರು. ಹಾಗೆ ಕರೆಯುವವರ ಧ್ವನಿಯನ್ನು ಮನೆಯಲ್ಲಿ ಮೊದಲು ಅಣಕಿಸಿ ತೋರಿಸಿದವನು ನಾನೇ, ಆರನೇ ಕ್ಲಾಸಿನ ಮಹಾ ಕಲಾವಿದ.

ಗಾಳಿಗೆ ಎದುರಾಗಿ ಹೋಗಬೇಕಾದರೆ ದೋಣಿಯ ಹೊಟ್ಟೆಯಡಿ ಒಂದು ಹಲಗೆ ನೀರಿಗೆ ಇಳಿದಿರಬೇಕು. ಇಲ್ಲದಿದ್ದರೆ ಗಾಳಿ ದೂಡಿದ ಕಡೆಗೆ ದೋಣಿ ಅಡ್ಡಡ್ಡ ಜಾರುತ್ತದೆ. ಅಪ್ಪ ಅದನ್ನು ಕೀಲ್ ಎನ್ನುತ್ತಿದ್ದ, ದೊಡ್ಡಪ್ಪ ಅಡಿಹಲಗೆ ಎನ್ನುತ್ತಿದ್ದ, ಮತ್ತು ಇಬ್ಬರೂ ಒಪ್ಪುತ್ತಿದ್ದುದು ಅಷ್ಟನ್ನೇ. ಅಪ್ಪನದು ಕಬ್ಬಿಣದ ತಗಡು, ತುದಿಗೆ ಎರಕದ ಗಡ್ಡೆ, ದೋಣಿಗೇ ವೆಲ್ಡ್ ಮಾಡಿದಂತೆ ಭದ್ರ. ಎಂಥ ಗಾಳಿ ಬೀಸಿದರೂ ಮಗುಚೋದಿಲ್ಲ, ಮಲಗಿದರೂ ಎದ್ದು ಕೂರುತ್ತದೆ ಎನ್ನುತ್ತಿದ್ದ. ದೊಡ್ಡಪ್ಪನದು ಮರದ್ದು. ದೋಣಿಯ ನಡುವೆ ಒಂದು ಸೀಳು, ಅದರೊಳಗೆ ಮೇಲೆ ಕೆಳಗೆ ಓಡಾಡುವ ಹಲಗೆ, ಎತ್ತಲು ಒಂದು ಹಿಡಿ. ನಮ್ಮ ಹೊಳೆಯ ತುಂಬ ಬಂಡೆ, ಉಸುಕಿನ ದಿಬ್ಬ. ನೀರು ತೆಳುವಾದ ಕಡೆ ಎತ್ತಬೇಕು, ಆಳ ಬಂದ ಕಡೆ ಇಳಿಸಬೇಕು, ಹೊಳೆ ನೋಡಿ ನಡೀಬೇಕು ಎಂಬುದು ಅವನ ವಾದ. ಎತ್ತೋದು ಮರೆತರೆ ಎಂದು ಅಪ್ಪ ಕೇಳುತ್ತಿದ್ದ. ನಿನ್ನದು ಬಂಡೆಗೆ ಸಿಕ್ಕರೆ ಎಂದು ದೊಡ್ಡಪ್ಪ. ಒಬ್ಬ ಮಾತು ಮುಗಿಸಿ ಗದ್ದ ಮೇಲೆತ್ತಿ ಎದುರುತ್ತರಕ್ಕೆ ಕಾಯುವನು, ಇನ್ನೊಬ್ಬ ಬೇಕೆಂದೇ ತಡಮಾಡುವನು. ಆ ಗದ್ದ ಎತ್ತುವುದನ್ನು ನಾನು ಇಬ್ಬರದೂ ಬೇರೆಬೇರೆಯಾಗಿ ಮಾಡಿ ತೋರಿಸುತ್ತಿದ್ದೆ. ಅಜ್ಜಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಸಂಜೆಗಳೆಲ್ಲ ಎಮ್ಮೆಗೆ ನೀರಿಡುವ ಕಲ್ಲುತೊಟ್ಟಿಯ ಸುತ್ತ ಕಳೆದವು. ಅದರಲ್ಲಿ ಮೊಳದುದ್ದದ ದೋಣಿಗಳು, ಒಂದೊಂದಕ್ಕೆ ಒಂದೊಂದು ಬಗೆಯ ಹಲಗೆ, ಪಕ್ಕದಲ್ಲಿ ಸ್ಟೂಲಿನ ಮೇಲೆ ಟೇಬಲ್ ಫ್ಯಾನು. ಫ್ಯಾನು ಮೂರನೇ ನಂಬರಿಗೆ ಹೋದರೆ ಆಷಾಢ ಎಂದು ಅರ್ಥ. ನಾನು ಸೌಟನ್ನು ಮೈಕಿನಂತೆ ಹಿಡಿದು ಕ್ರಿಕೆಟ್ ಕಾಮೆಂಟರಿಯವರ ಗಂಟಲಿನಲ್ಲಿ, ವೈಸ್ ಕ್ಯಾಪ್ಟನ್ನರ ಕೀಲು ಅದ್ಭುತವಾಗಿ ನಿಂತಿದೆ, ನಿಂತೇ ಇದೆ, ಮುಂದಕ್ಕೆ ಮಾತ್ರ ಹೋಗುತ್ತಿಲ್ಲ ಎಂದು ಕೂಗುತ್ತಿದ್ದೆ. ಅಪ್ಪನ ಕೈಯಿಂದ ನೀರು ನನ್ನ ಮುಖಕ್ಕೆ ಬೀಳುತ್ತಿತ್ತು. ಎಮ್ಮೆ ಹಿಂದೆ ನಿಂತು ತನ್ನ ಸರದಿ ಕಾಯುತ್ತಿತ್ತು. ಎರಡೆರಡು ಹಡಗು ಇಟ್ಟುಕೊಂಡು ಒಂದು ಎಮ್ಮೆಗೆ ನೀರು ಕುಡಿಸಲಾರದ ಮಕ್ಕಳನ್ನು ಹೆತ್ತೆ ಎಂದು ಅಜ್ಜಿ ಬೈಯುತ್ತಿದ್ದಳು. ಬೈಯುತ್ತಲೇ, ದೋಣಿಯ ಸಂದಿಗೆ ಮೆತ್ತಲೆಂದು ಕಾಸಿ ಆರಿದ ರಾಳವನ್ನು ಮತ್ತೆ ಒಲೆಗಿಡುತ್ತಿದ್ದಳು.

ಕೊನೆಗೆ ನಿಜವಾದ ದೋಣಿಗಳು ಎರಡಾದವು. ಕೊಕ್ಕನೂರಿನಲ್ಲಿದ್ದ ಅವರ ಸೋದರಮಾವನ ಹೊಲದ ಬದುವಿನಲ್ಲಿ ಬಿದ್ದ ಬೇವಿನ ಮರ ದೊಡ್ಡಪ್ಪನದಾಯಿತು. ಅಪ್ಪನದು ಗುಜರಿ ತಗಡಿನದು. ಹಾಯಿಗೆ ಇಬ್ಬರೂ ಬಳಸಿದ್ದು ಬೀದಿಯಲ್ಲಿ ಇಳಿಸಿ ಬಿಸಾಡಿದ ಫ್ಲೆಕ್ಸು. ದೊಡ್ಡಪ್ಪನ ಹಾಯಿಯ ಮೇಲೆ ಯಾರೋ ಮುಖಂಡರ ಹುಟ್ಟುಹಬ್ಬದ ಶುಭಾಶಯವಿತ್ತು. ಗಾಳಿ ತುಂಬಿದಾಗ ಆ ಮೀಸೆಯ ಮುಖ ಉಬ್ಬಿ, ಹಲ್ಲುನೋವು ಬಂದವರಂತೆ ಕಾಣುತ್ತಿತ್ತು. ಫ್ಯಾನಿನ ಮುಂದೆ ತೀರದ ಜಗಳವನ್ನು ಆಷಾಢದ ಗಾಳಿಯ ಮುಂದೆ ತೀರಿಸಿಕೊಳ್ಳೋಣ ಎಂದು ಅಣ್ಣತಮ್ಮ ಒಪ್ಪಿಕೊಂಡರು. ಮನೆಯ ಹತ್ತಿರದ ಮೆಟ್ಟಿಲಿನಿಂದ ಹೊಳೆಯ ಜೊತೆ ಕೆಳಗೆ ಹೋಗುವುದು, ಸೇತುವೆಗೆ ಮೊದಲೇ ತಿರುಗಿ ಗಾಳಿಗೆದುರಾಗಿ ವಾಪಸು ಬರುವುದು.

ಹೊಸ ದೋಣಿ ನೀರಿಗಿಳಿಯುವಾಗ ಗಂಗಮ್ಮನಿಗೆ ಪೂಜೆ ಮಾಡಿ ದೋಣಿಗೆ ಕಂಕಣ ಕಟ್ಟಬೇಕು, ಹೋದ ದೋಣಿ ದಡಕ್ಕೆ ಮರಳಿದ ಮೇಲೆ ಕಟ್ಟಿದವರೇ ಬಿಚ್ಚಬೇಕು, ಅಲ್ಲೀತನಕ ಯಾರೂ ಮುಟ್ಟಬಾರದು. ಇದು ಅಜ್ಜಿಯ ತವರಿನ ಪದ್ಧತಿ. ಅವಳು ಬಿಳಿ ನೂಲನ್ನು ಹುರಿ ಹೊಸೆದು, ಅರಿಶಿನದಲ್ಲಿ ಅದ್ದಿ, ಕೊಂಬು ಸಿಕ್ಕಿಸಿ ತಂದಿದ್ದಳು. ಅಪ್ಪನ ದೋಣಿಯಲ್ಲಿ ಮುಂದಿನ ಕೊಕ್ಕೆಗೆ ಕಟ್ಟಿದಳು. ದೊಡ್ಡಪ್ಪನ ದೋಣಿಯಲ್ಲಿ ಕೊರಳಿನ ಹಾಗೆ ಎದ್ದು ಕಾಣುತ್ತಿದ್ದುದು ಹಲಗೆಯ ಹಿಡಿ. ಹೊರಡುವಾಗ ತೆಳು ನೀರೆಂದು ಹಲಗೆಯನ್ನು ಮೇಲೆತ್ತಿಟ್ಟಿದ್ದರು. ಹಿರಿಯ ಮಗನದೆಂದು ಎರಡು ಸುತ್ತು ಹೆಚ್ಚಿಗೆ ಹಾಕಿ, ಹಿಡಿಯನ್ನೂ ಪಕ್ಕದ ಕೂರುವ ಪಟ್ಟಿಯನ್ನೂ ಸೇರಿಸಿ ಬಿಗಿಯಾಗಿ ಗಂಟು ಹಾಕಿದಳು. ಹಾಗೆ ಕಟ್ಟಿದರೆ ಹಲಗೆ ಇಳಿಯದಲ್ಲ ಎಂಬಂತೆ ಅಪ್ಪ ಅಣ್ಣನ ಮುಖ ನೋಡಿದ. ದೊಡ್ಡಪ್ಪ ಕಣ್ಣಲ್ಲೇ ಸುಮ್ಮನಿರು ಎಂದ. ಅಜ್ಜಿ ಕಡುಬಿಗೆ ಹಿಟ್ಟು ನೆನೆಸಿದ್ದೇನೆಂದು ಮನೆಗೆ ಹೊರಟಳು.

ಹೋಗುವಾಗ ಏನೂ ತೊಂದರೆಯಿರಲಿಲ್ಲ. ಗಾಳಿಯೂ ಹೊಳೆಯೂ ಒಂದೇ ಕಡೆಗೆ, ಮೀಸೆಯ ಮುಖಂಡರು ಉಬ್ಬಿಕೊಂಡು ನಮ್ಮನ್ನು ಎಳೆದುಕೊಂಡು ಹೋದರು. ನಾನು ದೊಡ್ಡಪ್ಪನ ದೋಣಿಯಲ್ಲಿ ಹಲಗೆಯ ಪಕ್ಕದಲ್ಲಿ ಕೂತು ಅವರ ಭಾಷಣ ಮಾಡುತ್ತಿದ್ದೆ, ದೊಡ್ಡಪ್ಪ ಚುಕ್ಕಾಣಿ ಹಿಡಿದು ನಗುತ್ತಿದ್ದ. ನೀರು ಕೆಂಪಗೆ, ದಪ್ಪಗೆ, ಬೆಲ್ಲದ ಪಾಕದಂತೆ ಹರಿಯುತ್ತಿತ್ತು. ಸೇತುವೆ ದೊಡ್ಡದಾಗಿ ಕಂಡಾಗ ಅವನು ದೋಣಿ ತಿರುಗಿಸಿದ. ಅಷ್ಟರಲ್ಲಿ ಗಾಳಿ ಜೋರಾಯಿತು, ಮಳೆ ಚುಚ್ಚತೊಡಗಿತು. ದೋಣಿಯ ಮೂತಿ ತಿರುಗಿತು, ದೋಣಿ ತಿರುಗಲಿಲ್ಲ. ಫ್ಯಾನಿನ ಮುಂದೆ ಹಲಗೆ ಕಳಚಿದ ದೋಣಿ ಜಾರುತ್ತಿತ್ತಲ್ಲ, ಹಾಗೆಯೇ ಅಡ್ಡಡ್ಡ ಬಂಡೆಗಳ ಕಡೆ ಜಾರಿತು. ನಾನು ಹಲಗೆಯ ಮೇಲೆ ಕೂತು ಒತ್ತಿದೆ, ಕಾಲಿನಿಂದ ಒದ್ದೆ. ನೆನೆದ ಹುರಿ ಇನ್ನಷ್ಟು ಬಿಗಿದಿತ್ತು. ಹಿಂದಿನ ದೋಣಿಯಿಂದ ಅಪ್ಪ, ಕೊಯ್ಯೋ, ಕೊಯ್ಯೋ ಎಂದು ಕೂಗುತ್ತಿದ್ದ. ದೊಡ್ಡಪ್ಪನ ಸೊಂಟದಲ್ಲಿ ಹಗ್ಗ ಕೊಯ್ಯುವ ಚೂರಿ ಇತ್ತು. ನಾನು ಅದಕ್ಕೆ ಕೈ ಹಾಕಿದೆ. ಅವನು ನನ್ನ ಮುಂಗೈ ಹಿಡಿದ.

"ಬ್ಯಾಡಲೇ. ಅವ್ವ ಕಟ್ಟಿದ್ದು."

ಗಾಬರಿಯೇನೂ ಇರಲಿಲ್ಲ ಆ ಮಾತಿನಲ್ಲಿ. ತೊಟ್ಟಿಯ ಹತ್ತಿರ ಫ್ಯಾನು ಮುಟ್ಟಬೇಡ ಎಂದು ಹೇಳುವಾಗ ಇರುತ್ತಿದ್ದ ದನಿಯೇ. ಆಮೇಲೆ ಬಂಡೆಯ ಸದ್ದು, ಮೀಸೆಯ ಮುಖ ನೀರಿನ ಮೇಲೆ ಮಲಗಿದ್ದು, ನನ್ನ ಕಂಕುಳಲ್ಲಿ ಅವನ ಕೈ. ಅಪ್ಪನ ದೋಣಿ ನೆಟ್ಟಗೆ ನಮ್ಮತ್ತ ಬಂತು, ಒಂದಿಷ್ಟೂ ಮಲಗದೆ ಬಂತು, ಬಂದು ಸ್ವಲ್ಪ ದೂರದಲ್ಲಿ ಗಕ್ಕನೆ ನಿಂತಿತು. ಕಬ್ಬಿಣದ ಕೀಲು ಮುಳುಗಿದ ಬಂಡೆಯ ಸೀಳಿಗೆ ಸಿಕ್ಕಿಕೊಂಡಿತ್ತು. ಅಪ್ಪ ಹಾರಿ ಈಜಿ ಬಂದ. ದೊಡ್ಡಪ್ಪ ಮೊದಲು ನನ್ನನ್ನು ಅವನ ಕೈಗೆ ದಾಟಿಸಿದ. ನನ್ನನ್ನು ಬಂಡೆಯ ಮೇಲೆ ಕೂರಿಸಿ ಅಪ್ಪ ತಿರುಗಿ ಹೋಗುವಷ್ಟರಲ್ಲಿ ದೊಡ್ಡಪ್ಪ ಬಹಳ ನೀರು ಕುಡಿದಿದ್ದ. ಬಂಡೆಯಿಂದ ಬಂಡೆಗೆ ಹಾದು ಹೇಗೋ ಮೂವರೂ ದಡ ಸೇರಿದೆವು.

ಮನೆಗೆ ನಡೆದುಕೊಂಡೇ ಬಂದ ದೊಡ್ಡಪ್ಪ. ಕಡುಬನ್ನೂ ತಿಂದ. ದಾರಿಯಲ್ಲೇ ಅಣ್ಣತಮ್ಮ ಮಾತಾಡಿಕೊಂಡಿದ್ದರು: ಹಾಯಿಯ ಹಗ್ಗ ಹರೀತು, ಅದಕ್ಕೇ ಮಗುಚಿತು. ಅಜ್ಜಿಗೆ ಅಷ್ಟೇ ಹೇಳುವುದು. ಹೇಳಿ ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ಕೇಳಿದ ದನಿಯನ್ನೆಲ್ಲ ಊರಿಗೆ ಹಂಚುವ ಬಾಯಿ ನನ್ನದು. ನಾನು ತಲೆಯಾಡಿಸಿದೆ. ಮಾರನೇ ದಿನ ದೊಡ್ಡಪ್ಪನಿಗೆ ಜ್ವರ, ಆಮೇಲೆ ಎದೆ ಕಟ್ಟಿತು, ದಾವಣಗೆರೆ ಆಸ್ಪತ್ರೆಗೆ ಸೇರಿಸಿದರು. ಶ್ರಾವಣಕ್ಕೆ ಮೊದಲೇ ಹೋಗಿಬಿಟ್ಟ.

ಅಲ್ಲಿಂದಾಚೆ ಮನೆಯಲ್ಲಿ ಹಲಗೆಯ ಮಾತೇ ನಿಂತುಹೋಯಿತು. ತನ್ನ ಕೀಲೇ ಸರಿ ಎಂದರೆ ಎತ್ತುವ ಹಲಗೆ ಯಾಕೆ ಇಳಿಯಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅಣ್ಣನದೇ ಸರಿ ಎಂದರೂ ಅದೇ ಬರುತ್ತದೆ. ಅಪ್ಪ ಎರಡನ್ನೂ ಹೇಳದೆ ಬಾಯಿ ಕಟ್ಟಿಕೊಂಡ. ಬಂಡೆಗೆ ಸಿಕ್ಕ ತಗಡಿನ ದೋಣಿಯನ್ನು ಮುಂದಿನ ನೆರೆ ಬಂದು ಒಯ್ದಿತು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ದಾವಣಗೆರೆಯ ವಿನೋಬನಗರದ ಎರಡು ಕೋಣೆಗೆ ಬಂದೆವು. ಅಲ್ಲಿ ತೊಟ್ಟಿಯಿಲ್ಲ, ಎಮ್ಮೆಯಿಲ್ಲ, ಅದೇ ಫ್ಯಾನು ಮಾತ್ರ ಅಜ್ಜಿಯ ಮಂಚದ ಬಳಿ ತಿರುಗುತ್ತಿತ್ತು. ಅವಳು ಹಬ್ಬಕ್ಕೆ ನನ್ನ ಕೈಗೆ, ಗಾಡಿಗೆ, ಹೊಸ ಕೊಡಕ್ಕೆ ದಾರ ಕಟ್ಟಿದರೆ ಅದು ಸಂಜೆಯೊಳಗೆ ಬಿಚ್ಚಿ ಬೀಳುತ್ತಿತ್ತು. ಮುದುಕಿಯ ಬೆರಳಿನಲ್ಲಿ ಕಸುವಿಲ್ಲ ಎಂದು ನಾನು ಆ ಬೆರಳುಗಳ ನಡುಕವನ್ನು ಮಾಡಿ ತೋರಿಸಿ ಓಣಿಯನ್ನೆಲ್ಲ ನಗಿಸಿದ್ದೆ. ಅವಳೂ ನಕ್ಕಿದ್ದಳು.

ಹೋದ ವರ್ಷ, ಅವಳು ಹಾಸಿಗೆ ಹಿಡಿದಿದ್ದಾಗ, ಒಂದು ಮಧ್ಯಾಹ್ನ ಹಳೇ ಬೀದಿಯವರ ದನಿಯನ್ನೆಲ್ಲ ಒಂದೊಂದಾಗಿ ಕೇಳಿದಳು. ಹಾಲಿನವಳು, ಐನೋರು, ಕ್ಯಾಪ್ಟನ್ ಎಂದು ಕೂಗುತ್ತಿದ್ದ ಸೈಕಲ್ ಶಾಪಿನವನು. ಎಲ್ಲ ಮಾಡಿದೆ. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡು, ನಿಮ್ಮ ದೊಡ್ಡಪ್ಪಂದು ಮಾಡು, ಅವತ್ತು ದೋಣ್ಯಾಗ ಏನಂದ ಹೇಳು ಎಂದಳು. ಅಷ್ಟು ವರ್ಷ ನಾನು ಆ ಗಂಟಲನ್ನು ಮುಟ್ಟಿರಲಿಲ್ಲ. ಮುಟ್ಟಿದರೆ ಸಲೀಸಾಗಿ ಬಂತು. ಹಗ್ಗ ಹರೀತಲೇ, ಗಟ್ಟಿ ಹಿಡ್ಕೋ ಎಂದೆ.

ಅವಳು ಕಣ್ಣು ತೆರೆದು ನನ್ನತ್ತ ತಿರುಗಿದಳು.

"ದನಿ ಅವಂದೇ ಐತೆ," ಎಂದಳು ಅಜ್ಜಿ. "ಮಾತು ಅವಂದಲ್ಲ."

ಹೊದಿಕೆಯ ಮೇಲಿದ್ದ ಅವಳ ಬೆರಳುಗಳನ್ನು ನೋಡಿದೆ. ಹೊದಿಕೆಯ ಅಂಚಿನ ನೂಲೊಂದನ್ನು ಗಂಟು ಹಾಕುವಂತೆ ಸುತ್ತಿ, ಬಿಗಿಯದೆ, ಸಡಿಲ ಬಿಡುತ್ತಿದ್ದವು. ಒಂದಿಷ್ಟೂ ನಡುಗುತ್ತಿರಲಿಲ್ಲ. ತನ್ನ ಗಂಟೇ ಹಲಗೆಯನ್ನು ಇಳಿಯಗೊಡಲಿಲ್ಲವೆಂದು ಅವಳು ಎಂದಿನಿಂದ ಬಲ್ಲಳು, ಯಾರು ಹೇಳಿದರು, ನನಗೆ ಗೊತ್ತಿಲ್ಲ. ನಾವು ಮೂವರು ಅವಳಿಂದ ಮುಚ್ಚಿಟ್ಟೆವು, ಅವಳು ಒಬ್ಬಳೇ ನಮ್ಮೆಲ್ಲರಿಂದ ಮುಚ್ಚಿಟ್ಟಳು.

ಅವಳು ಹೋದ ಮೇಲೆ ಈ ಆಷಾಢದಲ್ಲಿ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹರಿಹರಕ್ಕೆ ಹೋಗಿದ್ದೆ. ಸೇತುವೆಯ ಮೇಲೆ ನಿಲ್ಲಿಸು ಎಂದ. ಕೆಳಗೆ ಕೆಂಪು ನೀರು, ಅದರಲ್ಲಿ ಆ ಬಂಡೆಗಳ ಬೆನ್ನು. ಗಾಳಿಗೆ ಅವನ ಅಂಗಿ ಹಾಯಿಯಂತೆ ಉಬ್ಬಿತ್ತು. ಬೇರೆ ದಿನವಾಗಿದ್ದರೆ ಅದರ ಮೇಲೊಂದು ಮಾತು ಆಡುತ್ತಿದ್ದೆ.

"ನಿಮ್ಮ ದೊಡ್ಡಪ್ಪಂದೇ ಸರಿ ಇತ್ತು," ಎಂದ ಅಪ್ಪ. "ಇಂಥ ಹೊಳೀಗೆ ಎತ್ತೋ ಹಲಗೆನೇ ಬೇಕು."

ಹೇಳಿ ಮುಗಿಸಿದವನು ಗದ್ದ ಮೇಲೆತ್ತಿ, ತೊಟ್ಟಿಯ ಬಳಿ ಕಾಯುತ್ತಿದ್ದಂತೆಯೇ, ಅಣ್ಣನ ಎದುರುತ್ತರಕ್ಕೆ ಕಾದ. ದೊಡ್ಡಪ್ಪನ ಆ ದನಿ ನನ್ನ ಗಂಟಲಲ್ಲೇ ಇತ್ತು. ಲಾರಿಗಳು ಹಾದುಹೋದವು, ಸೇತುವೆ ಸಣ್ಣಗೆ ನಡುಗಿತು. ಅಪ್ಪ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಗದ್ದ ಎತ್ತಿಕೊಂಡು ನಿಂತಿದ್ದು, ಆಮೇಲೆ ಇಳಿಸಿದ.