ಕೆಳಗೆ ಬರೆದವರ ಹೆಸರು

ಇಳಕಲ್ಲಿನ ನಮ್ಮ ಮನೆಯಲ್ಲಿ ಸೀರೆ ವ್ಯಾಪಾರದ ಕಾಗದಪತ್ರವೆಲ್ಲ ನನ್ನ ಕೈಯಲ್ಲೇ ಆಗುತ್ತಿತ್ತು. ಅಪ್ಪನ ಕಣ್ಣಿಗೆ ಪೊರೆ ಬರತೊಡಗಿದಾಗ ಅವರೇ ನನಗೆ ಅಕ್ಷರ ಕಲಿಸಿದ್ದರು. ಅವರು ಹೇಳುವರು, ನಾನು ಬರೆಯುವೆ. ಕೊನೆಗೆ ಅವರ ಹೆಸರಿನ ಕೆಳಗೆ ಬರೆದವರ ಹೆಸರೂ, ಅಂದರೆ ನನ್ನದೂ, ಬೀಳಲೇಬೇಕು. ಅದಿಲ್ಲದ ಕಾಗದ ಕಾಗದವೇ ಅಲ್ಲ ಎಂಬುದು ಅವರ ಹಟ.

ಊರಿಗೆ ಹೊಸದಾಗಿ ಬಂದ ಹೆಣ್ಣುಮಕ್ಕಳ ಸಾಲೆಯ ವಿರುದ್ಧ ವಾರಪತ್ರಿಕೆಗೊಂದು ಪತ್ರ ಬರೆಸಿದ ದಿನ ಮಾತ್ರ, "ಇದರಾಗ ನಿನ್ನ ಹೆಸರು ಬ್ಯಾಡ" ಎಂದರು. ಅಕ್ಷರ ಕಲಿತ ಹೆಣ್ಣು ಮನೆ ಮುರಿಯುತ್ತಾಳೆಂದು ನನ್ನ ಕೈಯಿಂದಲೇ ಬರೆಸಿದರು! ಯುಗಾದಿ ಕಳೆದ ಮೇಲೆ ತಂಗಿಯನ್ನೂ ಸಾಲೆ ಬಿಡಿಸುವವರಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಅವರ ಮಾತಿನ ಒಂದಕ್ಷರವನ್ನೂ ಕದಲಿಸಲಿಲ್ಲ. ಅದು ಗಟ್ಟಿಯಾಗಿ ನಿಂತರೆ ತಾನೆ ನಾನು ಅದನ್ನು ಎದುರಿಸುವುದು?

ಪತ್ರ ಅಪ್ಪನ ಹೆಸರಿನಲ್ಲಷ್ಟೇ ಅಚ್ಚಾಗಿ ಬಂತು. ಓಣಿಯ ಹಿರಿಯರೆಲ್ಲ ತಲೆದೂಗಿದರು. ತಂಗಿ ಬರೆಯುವ ಪಾಟಿ ತಬ್ಬಿಕೊಂಡು ಅಡುಗೆಮನೆಯಲ್ಲಿ ಅತ್ತಳು. ನಾನು ಎದುರು ನಿಂತು ವಾದಿಸಿದ್ದರೆ ಬಾಯಿಬಡಕಿ ಎನಿಸಿಕೊಳ್ಳುತ್ತಿದ್ದೆ. ಅಪ್ಪ ಕಿವಿಗೊಡುತ್ತಿದ್ದುದು ಅಚ್ಚಿನ ಮಾತಿಗೆ. ಅಚ್ಚಿನಲ್ಲೇ ಆಗಲಿ ಎಂದು ಪತ್ರಿಕೆಗೆ ಉತ್ತರ ಬರೆಯಲು ಕೂತೆ. ಬೈಗುಳ ಬರೆದೆ, ಹೊಡೆದುಹಾಕಿದೆ. ಅಳು ತೋಡಿಕೊಂಡೆ, ಅದನ್ನೂ ಹೊಡೆದುಹಾಕಿದೆ. ಉಳಿದದ್ದನ್ನು ಹೆಸರು ಹಾಕದೆ ಟಪಾಲಿಗೆ ಹಾಕಿದೆ.

ಬಾಗಲಕೋಟೆಯಿಂದ ಮುಂದಿನ ವಾರದ ಪತ್ರಿಕೆ ಬಂದಾಗ ಅಪ್ಪ ಎಂದಿನಂತೆ ಕಟ್ಟೆಯ ಮೇಲೆ ಕೂತು, "ಓದವಾ" ಎಂದರು. ನನ್ನ ಪತ್ರವನ್ನು ನಾನೇ ಓದಿದೆ. ನಡುನಡುವೆ, "ಭಾಳ ಶಾಣ್ಯಾ ಅದಾನ ಇಂವಾ" ಎಂದು ನಕ್ಕರು. ಕೊನೆಯ ಸಾಲಿಗೆ ಬಂದಾಗಲೂ ದನಿ ತಗ್ಗಿಸಲಿಲ್ಲ.

"ಹೆಣ್ಣಿಗೆ ಅಕ್ಷರ ಬೇಡವೆಂದ ಹಿರಿಯರ ಪತ್ರದ ಕೆಳಗೆ ಬರೆದವರ ಹೆಸರಿಲ್ಲ. ಅದು ಯಾರ ಕೈಬರಹವೆಂದು ಅವರು ತಿಳಿಸಿದರೆ ಈ ವಾದ ಅಲ್ಲಿಗೇ ಮುಗಿಯುತ್ತದೆ."

ಅಪ್ಪನ ನಗು ನಿಂತಿತು. ಹೊಡೆಯುತ್ತಾರೇನೋ ಎಂದು ಹೆದರಿದೆ. ಆದರೆ ನಾನು ಎದ್ದು ಹೋಗಲಿಲ್ಲ.

"ಕಾಗದ ತಗೋ" ಎಂದರು ಕಡೆಗೆ. "ಬರಿ. ಆ ಪತ್ರ ನನ್ನ ಹಿರೇ ಮಗಳು ಬರದದ್ದು. ಸಣ್ಣಾಕೀನ ಸಾಲಿ ಬಿಡಸೂದಿಲ್ಲ."

ಬರೆದೆ. ಅವರ ಹೆಸರು ಹಾಕಿ ಟಾಕು ಕೆಳಗಿಟ್ಟೆ.

"ಇಷ್ಟಕ್ಕ ಮುಗೀತೇನವಾ? ಕೆಳಗ ಬರದವರ ಹೆಸರು ಹಾಕು."

ದೊಡ್ಡ ಅಕ್ಷರದಲ್ಲಿ ಹಾಕಿದೆ.